ಊದಿಕೊಂಡ ಬ್ಯಾಟರಿ

ಶೆಡ್ಡಿನ ನೆಲದ ತುಂಬ ಕರಿ ನೀರು. ಅದರಲ್ಲಿ ಮೊಳ ಉದ್ದದ ಆಟದ ಕಾರುಗಳು ಕರಗಿ ಮುದ್ದೆಯಾಗಿ ಬಿದ್ದಿದ್ದವು. ಬೆಂಕಿ ಆರಿಸಲು ಒಳಗೆ ನುಗ್ಗಿದ್ದ ಕಾವಲುಗಾರನನ್ನು ಆಂಬುಲೆನ್ಸ್ ಆಗಲೇ ಒಯ್ದಿತ್ತು. ಅವನ ಎರಡೂ ಕೈ ಸುಟ್ಟಿದ್ದವು.

ಇನ್‌ಸ್ಪೆಕ್ಟರ್ ಭಾನುವಾರದ ಊಟ ಅರ್ಧಕ್ಕೆ ಬಿಟ್ಟು ಬಂದಿದ್ದಳು. ಮೀಸೆ ನರೆತ ಗಂಡಸರು ರಿಮೋಟ್ ಹಿಡಿದು ಆಟದ ಕಾರು ಓಡಿಸುವ ಕ್ಲಬ್ಬು ಎಂದು ಕೇಳಿದಾಗಲೇ ಆಕೆಗೆ ಮೈ ಉರಿದಿತ್ತು. ಈ ಹುಚ್ಚಿಗೆ ಒಬ್ಬನ ಕೈ ಹೋಗುವ ಹಾಗಾಯಿತಲ್ಲ ಎಂದು ಈಗ ಇನ್ನಷ್ಟು ಉರಿಯಿತು.

ಹೊರಗೆ ಇಬ್ಬರು ಸೇರಿ ಒಬ್ಬನ ಮೇಲೆ ಎಗರಾಡುತ್ತಿದ್ದರು. ಬೈಸಿಕೊಳ್ಳುತ್ತಿದ್ದವನು ಬ್ಯಾಂಕಿನಲ್ಲಿ ಅಧಿಕಾರಿ. ಬೆಂಕಿ ಬಿದ್ದರೆ ಇರಲಿ ಎಂದು ಹೋದಲ್ಲೆಲ್ಲ ಮರಳು ತುಂಬಿದ ಬಕೆಟ್ ಹೊತ್ತು ತಿರುಗುತ್ತಿದ್ದನಾದ್ದರಿಂದ ಕ್ಲಬ್ಬಿನಲ್ಲಿ ಅವನ ಹೆಸರೇ ಬಕೆಟ್. ಬ್ಯಾಟರಿ ಚಾರ್ಜ್ ಮಾಡುವ ಮೇಜಿನ ಉಸ್ತುವಾರಿ ಅವನದೇ.

"ಚಾರ್ಜಿಗೆ ಹಾಕಿ ಎದ್ದು ಹೋಗಬೇಡಿ ಅಂತ ನಮ್ಮ ತಲೆ ತಿಂತಿದ್ದೆ. ಈಗ ನೀನೇ ಎದ್ದು ಹೋದ್ಯಲ್ಲಯ್ಯ," ಎಂದ ಕ್ಲಬ್ಬಿನ ಅಧ್ಯಕ್ಷ.

"ಮರೆತು ಹೋಗಿದ್ದಲ್ಲ, ಬೇಕಂತಲೇ ಮಾಡಿದ್ದು," ಎಂದ ಚಾಂಪಿಯನ್. ಅವನು ಕಟ್ಟಡದ ಕಂಟ್ರಾಕ್ಟರ್. ಸತತವಾಗಿ ಗೆದ್ದವನ ಗತ್ತು ಮೈಯೆಲ್ಲ ತುಂಬಿತ್ತು. "ನಾನು ಗೆಲ್ಲೋದು ಇವನಿಗೆ ಸಹಿಸೋಕಾಗಲ್ಲ. ನನ್ನ ಕಾರಿನ ಮೋಟಾರ್ ಬಿಚ್ಚಿ ನೋಡಿ, ಅದರಲ್ಲಿ ಮೋಸ ಇದೆ ಅಂತ ದೂರು ಕೊಟ್ಟಿದ್ದ. ಊಟ ಆದಮೇಲೆ ಬಿಚ್ಚೋದಿತ್ತು. ಏನೂ ಸಿಗಲ್ಲ ಅಂತ ಗೊತ್ತಾಗಿ ಸುಟ್ಟುಹಾಕಿದ."

ಚಾಂಪಿಯನ್ನನ ಬಾಮೈದ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಬಕೆಟ್ ಒಂದೇ ಮಾತು ಹೇಳಿದ. "ಚಾರ್ಜರ್ ಆಫ್ ಮಾಡಿ, ಬ್ಯಾಟರಿ ಎಲ್ಲ ಕಬ್ಬಿಣದ ಪೆಟ್ಟಿಗೇಲಿಟ್ಟು ಬೀಗ ಹಾಕಿ ಊಟಕ್ಕೆ ಹೋದೆ."

ಅಷ್ಟರಲ್ಲಿ ಕಾವಲುಗಾರನ ಹೆಂಡತಿ ಗೇಟಿನಿಂದ ಓಡಿಬಂದಳು. ನೇರ ಬಕೆಟ್ ಎದುರು ನಿಂತಳು. "ನಮ್ಮ ಯಜಮಾನ್ರ ಜೊತೆ ಕೂತು ಊಟ ಮಾಡ್ತಿದ್ಯಲ್ಲೋ. ಅದೇ ಕೈ ಸುಟ್ಟೆ. ಆಸ್ಪತ್ರೆ ಕಡೆ ತಲೆ ಹಾಕಿದ್ರೆ ನಾನು ಸುಮ್ಮನಿರಲ್ಲ."

ಬಕೆಟ್ ಮುಖ ಕಳೆಗುಂದಿತು. ಇಬ್ಬರ ಬೈಗುಳಕ್ಕೆ ಜಗ್ಗದವನು ಇದಕ್ಕೆ ಕುಸಿದ.

* * *

ಮೇಜಿನ ಮೇಲೆ, ಚಾರ್ಜರಿನ ಪಕ್ಕದಲ್ಲಿ ಸುಟ್ಟ ಬ್ಯಾಟರಿಯೊಂದು ಬಿದ್ದಿತ್ತು. ಮೂಲೆಯ ಪೆಟ್ಟಿಗೆಗೆ ಮಸಿ ಹಿಡಿದಿತ್ತು, ಬೀಗ ಹಾಗೇ ಇತ್ತು. ಇನ್‌ಸ್ಪೆಕ್ಟರ್ ಅದನ್ನು ಬಕೆಟ್ ಕೊರಳಲ್ಲಿದ್ದ ಕೀಲಿಯಿಂದ ತೆರೆಸಿದಳು. ಗೂಡಿಗೊಂದರಂತೆ ಎಲ್ಲ ಬ್ಯಾಟರಿಗಳೂ ಇದ್ದವು. ಒಂದು ಗೂಡೂ ಖಾಲಿಯಿಲ್ಲ.

"ಹಾಗಾದ್ರೆ ಮೇಜಿನ ಮೇಲಿರೋದು ಯಾವುದು?"

"ಹೇಳಿದ್ರೆ ನಂಬ್ತೀರಾ?"

"ನಂಬೋದು ಬಿಡೋದು ನನ್ನ ಕೆಲಸ. ಬಾಯಿ ಬಿಡಿ."

ಅವನು ಆಕೆಯನ್ನು ಶೆಡ್ಡಿನ ಹಿಂದಕ್ಕೆ ಕರೆದೊಯ್ದ. ಗೋಡೆಯಿಂದ ದೂರ, ಮುಚ್ಚಳದ ಡಬ್ಬವೊಂದಿತ್ತು. ಅದರೊಳಗೆ ಗುಜರಿಗೆ ಹೋಗಬೇಕಾದ ಬ್ಯಾಟರಿಗಳು, ದಿಂಬಿನ ಹಾಗೆ ಊದಿಕೊಂಡವು. ಗುಜರಿಗೆ ಹಾಕುವ ಮುಂಚೆ ಅವಕ್ಕೆ ಏನು ಮಾಡುತ್ತಾರೆಂದು ಬಕೆಟ್ ವಿವರಿಸಿದ. ಪ್ರತಿಯೊಂದರ ತಂತಿಯನ್ನೂ ಆಕೆ ಹಿಡಿದು ನೋಡಿದಳು. ಆಮೇಲೆ ಒಳಗೆ ಹೋಗಿ ಸುಟ್ಟ ಬ್ಯಾಟರಿಯ ತಂತಿಯನ್ನೂ ನೋಡಿದಳು.

ಕಾರುಗಳಿದ್ದ ಕಡೆ ಥಿನ್ನರ್ ವಾಸನೆ ಇನ್ನೂ ಮೂಗಿಗೆ ಹೊಡೆಯುತ್ತಿತ್ತು. ಅದೇ ವಾಸನೆ ಬಾಮೈದನ ಕೈಯಿಂದಲೂ ಬರುತ್ತಿತ್ತು. ಆಕೆ ಅವನ ಮಣಿಕಟ್ಟು ಹಿಡಿದಳು.

"ಭಾವನ ಆಟದ ಕಾರು ಥಿನ್ನರಲ್ಲಿ ತೊಳೆಯೋದು ನಾನೇ ಮೇಡಂ," ಎಂದು ಅವನು ತೊದಲಿದ. "ತೊಳೆಯೋದು, ಚಾರ್ಜ್ ಮಾಡೋದು, ಎಲ್ಲ ನಾನೇ. ಅವರು ರಿಮೋಟ್ ಮಾತ್ರ ಹಿಡೀತಾರೆ."

"ಕೆಲಸದವನು ಮಾಡಿದ್ದಕ್ಕೆ ನಾನು ಹೊಣೆಯಲ್ಲ," ಎಂದ ಚಾಂಪಿಯನ್. ಬಾಮೈದನ ಬಗ್ಗೆಯೇ ಹಾಗೆಂದಿದ್ದ.

* * *

ಇನ್‌ಸ್ಪೆಕ್ಟರ್ ಅಧ್ಯಕ್ಷ, ಚಾಂಪಿಯನ್, ಬಾಮೈದ ಮೂವರನ್ನೂ ಅಂಗಳದ ಕಲ್ಲುಬೆಂಚಿನ ಸುತ್ತ ನಿಲ್ಲಿಸಿದಳು. ಬೆಂಚಿನ ಮೇಲೆ ಎರಡು ಬ್ಯಾಟರಿ. ಒಂದು ಡಬ್ಬದ್ದು, ಊದಿಕೊಂಡದ್ದು. ಇನ್ನೊಂದು ಪೆಟ್ಟಿಗೆಯದು, ಚಪ್ಪಟೆ, ಹೊಳೆಯುವ ಹೊಸದು. ಆಕೆಯ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

ಊದಿದ್ದರ ಮೇಲೆ ಅದನ್ನು ಎತ್ತಿದಳು.

ಚಾಂಪಿಯನ್ ಹಿಂದಕ್ಕೆ ಹಾರಿದ. ಕಾಲಿಗೆ ಕಾಲು ತೊಡರಿ ಬೀಳುವುದರಲ್ಲಿದ್ದ. ಅಧ್ಯಕ್ಷ, ಬಾಮೈದ ನಿಂತಲ್ಲೇ ನಿಂತಿದ್ದರು.

ಸ್ಕ್ರೂಡ್ರೈವರನ್ನು ಹೊಸದರ ಮೇಲೆ ತಂದಳು.

"ಮೇಡಂ, ಬೇಡ," ಎಂದು ಬಾಮೈದ ಓಡಿದ. ಅಧ್ಯಕ್ಷ ಮರದ ಹಿಂದೆ ಸೇರಿದ. ಚಾಂಪಿಯನ್ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ತಾನೊಬ್ಬನೇ ನಿಂತಿದ್ದೇನೆಂದು ಅವನಿಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು.

ಆಕೆ ಸ್ಕ್ರೂಡ್ರೈವರ್ ಜೇಬಿಗೆ ಹಾಕಿದಳು. "ಹೊಸದು ಚಾರ್ಜ್ ತುಂಬಿದ್ದು, ಚುಚ್ಚಿದ್ರೆ ಹೊತ್ತಿಕೊಳ್ಳುತ್ತೆ. ಈ ಊದಿದ್ದರ ತಂತಿ ನೋಡಿ. ಊದಿದ ಬ್ಯಾಟರಿಯಲ್ಲಿ ಇರೋ ಚಾರ್ಜೆಲ್ಲ ಬಲ್ಬ್ ಉರಿಸಿ ಖಾಲಿ ಮಾಡ್ತಾರೆ. ಆಮೇಲೆ ಪ್ಲಗ್ ಕತ್ತರಿಸಿ, ಕೆಂಪು ಕಪ್ಪು ತಂತಿ ಸೇರಿಸಿ ಹೊಸೀತಾರೆ. ಇದು ಸತ್ತಿದೆ ಅನ್ನೋದಕ್ಕೆ ಅದೇ ಗುರುತು. ಮೇಜಿನ ಮೇಲೆ ಸುಟ್ಟದ್ದರ ತಾಮ್ರವೂ ಹಾಗೇ ಹೊಸೆದಿದೆ. ಪ್ಲಗ್ಗೇ ಇಲ್ಲದ ಬ್ಯಾಟರಿ ಚಾರ್ಜ್ ಆಗ್ತಾ ಹೇಗೆ ಹೊತ್ತಿಕೊಳ್ಳುತ್ತೆ?"

ಆಕೆ ಚಾಂಪಿಯನ್ ಕಡೆ ತಿರುಗಿದಳು.

"ಕಾರುಗಳಿಗೆ ಥಿನ್ನರ್ ಸುರಿದು ಹಚ್ಚಿ, ಬಕೆಟ್ ಮೇಲೆ ಗೂಬೆ ಕೂರಿಸೋಕೆ ಯಾರೋ ಅದನ್ನ ಅಲ್ಲಿಟ್ಟರು. ಪೆಟ್ಟಿಗೆ ಕೀಲಿ ಇಲ್ಲದವರು. ಊದಿದ್ದೇ ಅಪಾಯ ಅಂತ ಅರ್ಧ ತಿಳಿದವರು, ಹೊಸೆದ ತಂತಿ ಅಂದ್ರೇನು ಅಂತ ತಿಳಿಯದವರು. ಇಲ್ಲಿ ತಮ್ಮ ಬ್ಯಾಟರಿ ತಾವೇ ಮುಟ್ಟದ ಮಹಾರಾಯರು ಒಬ್ಬರೇ."

"ಬರೀ ಊಹೆ," ಎಂದ ಚಾಂಪಿಯನ್. "ಥಿನ್ನರ್ ವಾಸನೆ ಇರೋದು ಇವನ ಕೈಯಲ್ಲಿ. ಕೇಳಿ ಇವನನ್ನ."

ಬಾಮೈದ ಮೊದಲ ಸಲ ತಲೆಯೆತ್ತಿದ. "ಥಿನ್ನರ್ ಕ್ಯಾನು ಇದ್ದದ್ದು ನಿಮ್ಮ ಕಾರಿನ ಡಿಕ್ಕೀಲಿ ಭಾವ. ಊಟದ ಮಧ್ಯೆ ನನ್ನ ಹತ್ರ ಅದರ ಕೀಲಿ ಇಸ್ಕೊಂಡು ಹೋದ್ರಿ. ಅಕ್ಕನ ಮುಖ ನೋಡಿ ಇಷ್ಟು ಹೊತ್ತು ಸುಮ್ಮನಿದ್ದೆ. ಮೋಟಾರ್ ಬಿಚ್ಚಿದ್ರೆ ಮಾನ ಹೋಗುತ್ತೆ ಅಂತ ಬೆಳಿಗ್ಗೆಯಿಂದ ಒದ್ದಾಡ್ತಿದ್ರಲ್ಲ."

ಡಿಕ್ಕಿಯಲ್ಲಿ ಕ್ಯಾನು ಸಿಕ್ಕಿತು. ಒಳಗೆ ಒಂದು ಹನಿಯೂ ಇರಲಿಲ್ಲ.

"ಆ ಮುಠ್ಠಾಳ ಒಳಗೆ ನುಗ್ತಾನೆ ಅಂತ ನನಗೇನು ಗೊತ್ತು," ಎಂದ ಚಾಂಪಿಯನ್. ಆಕೆಯ ಜೊತೆ ಬಂದಿದ್ದ ಪೇದೆ ಅವನನ್ನು ಜೀಪಿಗೆ ತಳ್ಳಿದ.

ಬಕೆಟ್ ಬಂದು ಹೊಸ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. "ಇನ್ನೊಂದ್ಸಲ ಬ್ಯಾಟರಿ ಮುಂದೆ ಚೂಪಾದ್ದು ಹಿಡೀಬೇಡಿ. ಸತ್ತದ್ದಕ್ಕೂ ಚುಚ್ಚಬಾರದು," ಎಂದು ಗದರಿದ.

ಆಕೆಗೆ ಸಿಟ್ಟು ಬಂತು. ಜೊತೆಗೇ ಅವನು ಹೇಳಿದ್ದು ಸರಿ ಎಂದೂ ಅನ್ನಿಸಿತು. "ಅದನ್ನಿಟ್ಟು ಬನ್ನಿ. ಆಸ್ಪತ್ರೆಗೆ ಹೋಗೋಣ."

* * *

ವಾರ್ಡಿನ ಹೊರಗಿನ ಬೆಂಚಿನಲ್ಲಿ ಕಾವಲುಗಾರನ ಹೆಂಡತಿ ಕೂತಿದ್ದಳು. ಇನ್‌ಸ್ಪೆಕ್ಟರ್ ನಡೆದದ್ದನ್ನೆಲ್ಲ ಹೇಳಿದಳು. ಆ ಹೆಂಗಸು ಬಕೆಟ್ ಕಡೆ ತಿರುಗಿಯೂ ನೋಡಲಿಲ್ಲ. ಕ್ಷಮಿಸು ಎನ್ನಲೂ ಇಲ್ಲ.

ಸ್ವಲ್ಪ ಹೊತ್ತಿನ ಮೇಲೆ ಕೈಯಲ್ಲಿದ್ದ ಬುತ್ತಿಯನ್ನು ಅವನ ತೊಡೆಯ ಮೇಲಿಟ್ಟಳು.

"ಯಜಮಾನ್ರು ನನ್ನ ಕೈಯಿಂದ ಉಣ್ಣಲ್ಲ ಅಂತಿದಾರೆ. ಒಳಗೆ ಹೋಗಿ ನೀವೇ ತಿನ್ನಿಸಿ."