ಮೂರು ಬೆರಳಿನ ಸ್ಕೂಟರ್

“ಪ್ರಯಾಣಿಕರ ಗಮನಕ್ಕೆ! ಗಾಡಿ ಸಂಖ್ಯೆ ಎರಡು ಸೊನ್ನೆ ಎರಡು ಸೊನ್ನೆ, ಮುತ್ಯಾ ಎಕ್ಸ್‌ಪ್ರೆಸ್, ಬೇವಿನ ಗಿಡದ ಕೆಳಗೆ ಬಂದು ನಿಂತಿದೆ. ನಾಳೆ ಬೆಳಗಿನವರೆಗೆ ಅದನ್ನು ಯಾರೂ ಮುಟ್ಟಬಾರದು. ಮುಟ್ಟಿದವರಿಗೆ ದಂಡ ವಿಧಿಸಲಾಗುವುದು. ಧನ್ಯವಾದಗಳು! ಟಿಂಗ್ ಟಾಂಗ್!”

ಉಮಾಶ್ರೀ ಮನೆ ಮುಂದಿನ ಕಟ್ಟೆಯ ಮೇಲೆ ನಿಂತು ಖಾಲಿ ಸ್ಪ್ರೇ ಡಬ್ಬಿಯನ್ನೇ ಮೈಕ್ ಮಾಡಿಕೊಂಡಿದ್ದಳು. ಮೂಗಿನಿಂದ ದನಿ ತೆಗೆದರೆ ಯಾದಗಿರಿ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಅಕ್ಕನೇ ಓಣಿಗೆ ಬಂದ ಹಾಗೆ ಕೇಳುತ್ತಿತ್ತು. ಸೈಕಲ್ ಮೇಲೆ ಹೊರಟಿದ್ದ ಹಾಲಿನ ನಿಂಗರಾಜ ಖರೇನೇ ರೈಲು ಬಂತೇನೋ ಎಂದು ತಿರುಗಿ ನೋಡಿದ.

ರೈಲು ಇರಲಿಲ್ಲ. ಬೇವಿನ ನೆರಳಿನಲ್ಲಿ ಮುತ್ಯಾನ, ಅಂದರೆ ಅಜ್ಜನ, ಹಳೇ ಸ್ಕೂಟರ್ ನಿಂತಿತ್ತು, ಮೈತುಂಬಾ ಹೊಸ ಕಪ್ಪು ಬಣ್ಣ ಹೊಡೆಸಿಕೊಂಡು.

“ಎಷ್ಟ್ ಚಂದ ಆಗ್ಯಾದಲೇ ಉಮೀ!” ಅಂದಳು ಪಕ್ಕದ ಮನೆಯ ಪಂಚಶೀಲಾ. ಅವಳೂ ಉಮಾಶ್ರೀಯೂ ಆರನೇ ಕ್ಲಾಸು, ಒಂದೇ ಬೆಂಚು. “ಆದ್ರ ಪೂರಾ ಹೊಳಿಯಂಗಿಲ್ಲಲ್ಲ?”

“ಅದಕ್ಕ ಸ್ಯಾಟಿನ್ ಬ್ಲ್ಯಾಕ್ ಅಂತಾರ. ಗ್ಲಾಸಿ ಅಂದ್ರ ಕನ್ನಡಿ ಹಂಗ ಹೊಳೀತದ. ಮ್ಯಾಟ್ ಅಂದ್ರ ರೊಟ್ಟಿ ಹಂಚಿನ ಬೆನ್ನು. ಸ್ಯಾಟಿನ್ ಇವೆರಡರ ನಡುವ. ಭೀಮಾ ಹೊಳ್ಯಾಗ ಮೈ ತೊಳಕೊಂಡು ಬಂದ ಎಮ್ಮಿ ಅರ್ಧ ಒಣಗಿರ್ತದ ನೋಡು, ಹಂಗ!”

“ಅಂದ್ರ ನಿಮ್ ಮುತ್ಯಾನ ಸ್ಕೂಟರ್ ಈಗ ಎಮ್ಮಿ ಆತು?”

“ಎಮ್ಮಿ ಅಲ್ಲ, ಹೆಮ್ಮಿ!” ಎಂದು ಉಮಾಶ್ರೀ ಎದೆ ತಟ್ಟಿಕೊಂಡಳು.

ಹೆಮ್ಮೆಪಡಲು ಕಾರಣವೂ ಇತ್ತು. ಮುತ್ಯಾ ಈ ಸ್ಕೂಟರಿಗೆ ಬಟ್ಟೆಯ ಗಂಟು ಕಟ್ಟಿಕೊಂಡು ಬಳಿಚಕ್ರದವರೆಗೂ ಹಳ್ಳಿ ಹಳ್ಳಿ ತಿರುಗಿ ಸೀರೆ ಮಾರುತ್ತಿದ್ದ. ಮುತ್ಯಾ ತೀರಿಕೊಂಡ ಮೇಲೆ ನಾಲ್ಕು ವರ್ಷ ಅದು ಬೇವಿನ ಗಿಡದ ಕೆಳಗೆ ಸುಮ್ಮನೆ ನಿಂತು ತುಕ್ಕು ಹಿಡಿದಿತ್ತು. ಹೋದ ವಾರ ಮೆಕ್ಯಾನಿಕ್ ಅಲ್ಲಾಬಕ್ಷ ಚಾಚಾ ಬಂದು ಮೂರು ದಿನ ಬಿಚ್ಚಿ, ಜೋಡಿಸಿ, ಒದ್ದು, ಬೈದು, ಕೊನೆಗೂ ಅದನ್ನು ಚಾಲೂ ಮಾಡಿದ್ದರು.

ಅವ್ವನಿಗೆ ಅದು ಬೇಕೇ ಬೇಕಿತ್ತು. ಅವ್ವ ಅಂದರೆ ಬಳಿಚಕ್ರದ ಸಾಲೆಯ ಪರಿಮಳಾ ಟೀಚರ್. ಬೆಳಗಿನ ಬಸ್ಸಿನಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. “ಸೋಮವಾರದಿಂದ ನನ್ ಗಾಡಿ ಮ್ಯಾಲ ಬರ್ತೀನ್ರಿ ಸರ್” ಎಂದು ಅವ್ವ ಹೆಡ್‌ಮಾಸ್ತರಿಗೆ ಹೇಳಿದ್ದಳು. ಹೆಡ್‌ಮಾಸ್ತರು ನಕ್ಕಿದ್ದರಂತೆ. ಆ ನಗು ಅವ್ವನಿಗೆ ಹಿಡಿಸಿರಲಿಲ್ಲ, ಉಮಾಶ್ರೀಗಂತೂ ಚೂರೂ ಹಿಡಿಸಿರಲಿಲ್ಲ.

ಪೇಂಟಿಂಗ್ ಅಂಗಡಿಯವನು ಐದು ಸಾವಿರ ಕೇಳಿದ, ಎಂಟು ದಿನ ಬೇಕೆಂದ.

“ಮನ್ಯಾಗ ಹೊಡಿಯೂಣು. ನಾಲ್ಕು ಡಬ್ಬಿ ಸಾಕು,” ಅಂದಿದ್ದಳು ಉಮಾಶ್ರೀ. “ನಾ ಎಲ್ಲಾ ವಿಡಿಯೋ ನೋಡೀನಿ. ಸೋಮವಾರ ಮುಂಜಾನಿ ನಿನ್ ಗಾಡಿ ರೆಡಿ ಇರಲಿಲ್ಲಂದ್ರ ನನ್ ಹೆಸರು ಉಮಾಶ್ರೀ ಅಲ್ಲ!”

ಶನಿವಾರ ಇಡೀ ದಿನ ಅವ್ವ, ಮಗಳು ಇಬ್ಬರೂ ನೀರಿನಲ್ಲಿ ನೆನೆಸಿದ ಒರಟು ವಾಟರ್ ಪೇಪರಿನಿಂದ ತುಕ್ಕು ಉಜ್ಜಿದರು. ಹೆಡ್‌ಲೈಟಿಗೂ ಗಾಲಿಗೂ ಹಳೇ ಪೇಪರ್ ಸುತ್ತಿ ಟೇಪ್ ಅಂಟಿಸಿದರು. ಬೂದು ಬಣ್ಣದ ಪ್ರೈಮರ್ ಬಳಿದರು. ಭಾನುವಾರ ಬೆಳಗ್ಗೆ ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಕಪ್ಪು ಹೊಡೆಯಲು ನಿಂತರು.

ಡಬ್ಬಿಯೊಳಗಿನ ಗೋಲಿ ಟಕಟಕ ಎನ್ನುವ ಹಾಗೆ ಒಂದು ನಿಮಿಷ ಅಲ್ಲಾಡಿಸಬೇಕು. ಒಂದು ಗೇಣು ದೂರ ಹಿಡಿಯಬೇಕು. ಕೈ ಎಲ್ಲೂ ನಿಲ್ಲಬಾರದು, ನಿಂತರೆ ಬಣ್ಣ ಕಣ್ಣೀರಿನ ಹಾಗೆ ಇಳಿಯುತ್ತದೆ. ಒಮ್ಮೆಗೇ ದಪ್ಪ ಹೊಡೆಯದೆ, ತೆಳ್ಳಗೆ ಮೂರು ಸಲ ಹೊಡೆಯಬೇಕು. ಇದಿಷ್ಟನ್ನೂ ಉಮಾಶ್ರೀ ವಿಡಿಯೋದ ಅಣ್ಣನ ದನಿಯಲ್ಲೇ ಹೇಳುತ್ತಾ ಹೊಡೆದಳು. “ಹಾಯ್ ಫ್ರೆಂಡ್ಸ್, ಈಗ ಸೆಕೆಂಡ್ ಕೋಟ್!” ಅವ್ವ ನಕ್ಕೂ ನಕ್ಕೂ ಕೈ ನಡುಗಿಸಿಕೊಂಡಳು. ಹಾಗಾಗಿ ಸ್ಕೂಟರಿನ ಎದೆಯ ಭಾಗವನ್ನು ಪೂರ್ತಿ ಮಗಳ ಕೈಗೇ ಬಿಟ್ಟಳು.

ಈಗ ಹನ್ನೊಂದು ಗಂಟೆ. ಬಣ್ಣ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ. ಅದಕ್ಕೇ ಉಮಾಶ್ರೀ ಅನೌನ್ಸ್ ಮಾಡಿದ್ದು. ಅದೂ ಸಾಲದೆಂದು ಸ್ಲೇಟಿನ ಮೇಲೆ ‘ಹಸಿ ಬಣ್ಣ ಇದೆ, ಮುಟ್ಟಬೇಡಿ’ ಎಂದು ಬರೆದಿಟ್ಟಳು. ಕೊನೆಗೆ ರಂಗೋಲಿ ಪುಡಿ ತಂದು ಸ್ಕೂಟರಿನ ಸುತ್ತ ದೊಡ್ಡ ಗೆರೆ ಎಳೆದಳು. “ಇದು ಬಾರ್ಡರ್. ಯಾರೂ ದಾಟೂಹಂಗಿಲ್ಲ.”

ನಂತರ ಕೈ ತೊಳೆದುಕೊಂಡು ಪಂಚಶೀಲಾಳ ಮನೆಗೆ ಹೋಮ್‌ವರ್ಕ್ ಬರೆಯಲು ಹೋದಳು.

ಹೋಮ್‌ವರ್ಕ್ ಮುಗಿಸಿ ಬಂದವಳು ರಂಗೋಲಿ ಗೆರೆಯ ಹತ್ತಿರವೇ ನಿಂತುಬಿಟ್ಟಳು.

ಸ್ಕೂಟರಿನ ಎದೆಯ ಮೇಲೆ, ಹ್ಯಾಂಡಲ್ಲಿನ ಸ್ವಲ್ಪ ಕೆಳಗೆ, ಅಡ್ಡಡ್ಡ ಮೂರು ಗೀರು! ಗೀರಿನ ಮೇಲೆ ಯಾರೋ ಬಟ್ಟೆಯಿಂದ ಒರೆಸಿ ಇನ್ನಷ್ಟು ಕೆಡಿಸಿದ್ದರು. ಅಂಗೈ ಅಗಲದ ಜಾಗ ರಾಡಿಯಾಗಿತ್ತು.

“ಯಾರಲೇ ಅದು?” ಉಮಾಶ್ರೀಯ ಬಾಯಿಂದ ಈಗ ಸ್ಟೇಷನ್ ಅಕ್ಕನ ದನಿ ಬರಲಿಲ್ಲ, ಪೊಲೀಸ್ ಸಾಹೇಬರ ದನಿ ಬಂತು. “ಎಲ್ಲಾರೂ ಕೈ ತೋರಸ್ರಿ!”

ಓಣಿಯ ಹುಡುಗರು ಸಾಲಾಗಿ ನಿಂತು ಕೈ ಚಾಚಿದರು. ಒಬ್ಬನ ಕೈಯಲ್ಲಿ ಕೆಸರು, ಇನ್ನೊಬ್ಬಳ ಕೈಯಲ್ಲಿ ಉಪ್ಪಿನಕಾಯಿ. ಪಂಚಶೀಲಾಳ ತಮ್ಮ ಬುದ್ಧಪ್ರಿಯನಿಗೆ ಐದು ವರ್ಷ. ಅವನ ಕೈಯಂತೂ ಏಳು ಬಣ್ಣದ ಸ್ಕೆಚ್ ಪೆನ್ನಿನಿಂದ ಕಾಮನಬಿಲ್ಲಾಗಿತ್ತು. ಆದರೆ ಕಪ್ಪು ಮಾತ್ರ ಯಾರ ಕೈಯಲ್ಲೂ ಇರಲಿಲ್ಲ.

“ನನ್ ಪೆಟ್ಟಿಗ್ಯಾಗ ಕಪ್ಪ ಪೆನ್ ಕಳದದ ಅಕ್ಕಾ,” ಅಂದ ಬುದ್ಧಪ್ರಿಯ, ಅಳುಮೋರೆ ಮಾಡಿ.

“ಉಮೀ, ಊಟಕ್ಕ ಬಾ,” ಒಳಗಿನಿಂದ ಅವ್ವ ಕರೆದಳು.

ಉಮಾಶ್ರೀ ಕೆಂಡದಂಥ ಮೋರೆ ಹೊತ್ತು ಹೋಗಿ ತಾಟಿನ ಮುಂದೆ ಕೂತಳು. ದಿನಾ ಬಡಿಸುವವಳು ಅಜ್ಜಿ, ಆಯಿ ಬಸ್ಸಮ್ಮ. ಶಹಾಪುರದ ತಂಗಿಯ ಮನೆಗೆ ಮೂರು ದಿನ ಹೋಗಿದ್ದ ಆಯಿ, ಅಮಾವಾಸ್ಯೆ ಪೂಜೆಗೆಂದು ಇವತ್ತು ಬೆಳಗ್ಗೆಯಷ್ಟೇ ಬಂದಿದ್ದಳು. ಯಾಕೋ ಏನೋ, ಇವತ್ತು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು.

“ಆಯಿ, ರೊಟ್ಟಿ ಹಾಕು.”

“ನಿಮ್ಮವ್ವ ಹಾಕ್ತಾಳ.”

“ಶೇಂಗಾ ಹಿಂಡಿ?”

“ಅದನೂ ಆಕಿನೇ ಹಾಕ್ತಾಳ.”

“ಕೈಗೆ ಏನಾಗ್ಯಾದ ಆಯಿ?”

ಆಯಿ ಸರಕ್ಕನೆ ಸೆರಗಿನಿಂದ ಕೈ ತೆಗೆದು ಮುಂದೆ ಚಾಚಿದಳು. ಮೂರು ಬೆರಳಿನ ತುದಿ ಕಪ್ಪಗಿತ್ತು. ಚಂದದ ಸ್ಯಾಟಿನ್ ಬ್ಲ್ಯಾಕ್.

“ನಾನ ಮುಟ್ಟೀನಿ. ಏನೀಗ? ದಂಡ ಹಾಕ್ತೇನು?”

“ಆಯೀ!” ಉಮಾಶ್ರೀ ಕೂಗಿದಳು. “ಯಾಕ ಮುಟ್ಟಿದಿ?”

“ಇವತ್ತ ಅಮಾಸಿ ಅದ. ಅಮಾಸಿ ಬಂತಂದ್ರ ನಿಮ್ ಮುತ್ಯಾ ತನ್ ಹಣಿಗೂ ಗಾಡಿಗೂ ಈಬತ್ತಿ ಹಚ್ಚಲಾರದ ಕಿಕ್ ಹೊಡೀತಿರಲಿಲ್ಲ. ನಾಲ್ಕ್ ವರ್ಷದ ಮ್ಯಾಲ ಗಾಡಿ ಚಾಲೂ ಆಗ್ಯಾದ, ಹಚ್ಚಬ್ಯಾಡೇನು? ಈಬತ್ತಿ ನೀರಾಗ ಕಲಸಿ ಹಿಂಗ ಮೂರು ಬೆರಳ ಎಳದೆ. ಅಂಟ್‌ಅಂಟ್ ಆತು. ಸೆರಗಿಲೆ ಒರಸಿದೆ. ಮತ್ತಿಷ್ಟ್ ಕೆಟ್ಟತು.”

“ಸ್ಲೇಟಿನ ಮ್ಯಾಲ ಬರದಿದ್ನಲ್ಲ!”

“ನನಗ ಓದಾಕ ಬರ್ತಿದ್ರ ನಾನ ನಿಮ್ ಸಾಲಿ ಹೆಡ್‌ಮಾಸ್ತರ ಆಗ್ತಿದ್ದೆ.”

“ಇಡೀ ಓಣಿಗೆ ಕೇಳೂಹಂಗ ಒದರೀನಿ!”

“ನಾ ದೇವರ ಕೋಣ್ಯಾಗ ಗಂಟಿ ಬಾರ್‍ಸಾಕತ್ತಿದ್ದೆ.”

“ಬಾರ್ಡರ್ ಹಾಕಿದ್ದೆ!”

“ಅದು ಬಾರ್ಡರೇನು?” ಆಯಿ ಕಣ್ಣರಳಿಸಿದಳು. “ಗಾಡಿ ಸುತ್ತ ರಂಗೋಲಿ ಕಂಡೆ. ನನ್ ಮೊಮ್ಮಗಳು ಎಷ್ಟ್ ಶಾಣ್ಯಾಕಿ, ಪೂಜಿಗೆ ತಯಾರಿ ಮಾಡಿಟ್ಟಾಳಂತ ಖುಷಿಲೇ ಹೋದೆ.”

ಅವ್ವ ನಗು ತಡೆಯಲಾರದೆ ಸೊಂಟದ ಮೇಲೆ ಕೈಯಿಟ್ಟು ಆ ಕಡೆ ತಿರುಗಿ ನಿಂತಳು. ಉಮಾಶ್ರೀಗೂ ನಗು ಬಂತು. ಆದರೆ ಸಿಟ್ಟು ಇನ್ನೂ ಮುಗಿದಿರಲಿಲ್ಲ, ಆದ್ದರಿಂದ ನಗುವನ್ನು ರೊಟ್ಟಿಯ ಜೊತೆ ನುಂಗಿದಳು.

ಆಗ ಆಯಿ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಾ ಮೆಲ್ಲಗೆ ಕೇಳಿದಳು, “ಉಮೀ, ಆ ಆಕಾಶಿ ಬಣ್ಣ ಪೂರಾ ಹೋತೇನು?”

ಮುತ್ಯಾನ ಸ್ಕೂಟರ್ ಮೊದಲು ಆಕಾಶಿ ಬಣ್ಣದ್ದು, ತಿಳಿ ನೀಲಿ. ದೂರದ ತಿರುವಿನಲ್ಲಿ ಆ ನೀಲಿ ಕಂಡರೆ ಸಾಕು, ಆಯಿ ಒಲೆಯ ಮೇಲೆ ಹಂಚು ಇಡುತ್ತಿದ್ದಳಂತೆ. ಈ ಮಾತನ್ನು ಉಮಾಶ್ರೀ ನೂರು ಸಲ ಕೇಳಿದ್ದಳು.

ಅವಳು ತುತ್ತು ಹಿಡಿದು ಕೂತೇಬಿಟ್ಟಳು. ಕಪ್ಪು ಬಣ್ಣವೆಂದು ಅವ್ವನಿಗೆ ಹೇಳಿದ್ದಳು. ಫೋನ್ ಮಾಡಿ ಶಹಾಪುರದ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಪ್ಪನಿಗೂ ಹೇಳಿದ್ದಳು. ಅಲ್ಲಾಬಕ್ಷ ಚಾಚಾಗೆ, ಪಂಚಶೀಲಾಗೆ, ಹಾಲಿನ ನಿಂಗರಾಜನಿಗೆ, ಓಣಿಯ ಹುಡುಗರಿಗೆ, ಕೊನೆಗೆ ಬಾಲ ಅಲ್ಲಾಡಿಸುತ್ತಿದ್ದ ಕಂದು ನಾಯಿಗೂ ಹೇಳಿದ್ದಳು.

ಆಯಿಗೆ ಮಾತ್ರ ಹೇಳಿರಲಿಲ್ಲ.

ಊಟ ಅರ್ಧಕ್ಕೇ ಸಾಕಾಯಿತು. ಅವಳು ನೇರ ತಿರುವಿನ ಗ್ಯಾರೇಜಿಗೆ ಓಡಿದಳು.

“ಚಾಚಾ, ಹಸಿ ಬಣ್ಣ ಕೆಟ್ಟದ. ಈಗಿಂದೀಗ ಉಜ್ಜಲೇನು?”

“ಅರೆ ಬೇಟಿ, ಹಸಿ ಇದ್ದಾಗ ಉಜ್ಜಿದ್ರ ರಬ್ಬರ್ ಹಂಗ ಸುರುಳಿ ಸುತ್ತತದ,” ಅಂದರು ಅಲ್ಲಾಬಕ್ಷ ಚಾಚಾ, ಗ್ರೀಸ್ ಕೈಯನ್ನು ಒರೆಸಿಕೊಳ್ಳುತ್ತಾ. “ಹೊಡಿಯೂದು ನೆರಳಾಗ, ಒಣಗಸೂದು ಬಿಸಿಲಾಗ. ನಾಲ್ಕ್ ಗಂಟೆ ತನಕ ಬಿಸಿಲಿಗೆ ನಿಲ್ಲಸು. ನಮ್ ಯಾದಗಿರಿ ಬಿಸಿಲು ಪುಕ್ಕಟ್ ಅದ, ಜರಾ ಕೆಲಸ ಮಾಡ್ಲಿ! ಆಮ್ಯಾಲ ಉಜ್ಜು, ಮತ್ತ ಹೊಡಿ. ಡಬ್ಬ್ಯಾಗ ಉಳದದೇನು?”

“ತಳದಾಗ ಒಂದೀಟು.”

“ಒಂದೀಟು ಸಾಕು. ಕೈ ಮಾತ್ರ ನಿಲ್ಲಸಬ್ಯಾಡ.”

ನಾಲ್ಕು ಗಂಟೆಗೆ ಉಮಾಶ್ರೀ ವಾಟರ್ ಪೇಪರ್ ಹಿಡಿದು ಕೂತಳು. ಪಂಚಶೀಲಾ ನೀರು ಹನಿಸಿದಳು. ಕೆಟ್ಟ ಜಾಗದ ಕಪ್ಪು ಹೋಯಿತು. ಅದರ ಕೆಳಗಿನ ಬೂದು ಹೋಯಿತು. ಇನ್ನೂ ಎರಡು ಸಲ ಉಜ್ಜಿದಳು.

ಕೈ ತಾನಾಗಿ ನಿಂತಿತು. ಕಪ್ಪಿನ ನಡುವೆ, ಒಂದು ಅಂಗೈ ಅಗಲ, ತಿಳಿ ನೀಲಿ!

“ಕೈ ನಿಲ್ಲಸಬ್ಯಾಡ ಅಂತ ಚಾಚಾ ಅಂದಿದ್ರಂತಲ್ಲಲೇ,” ಪಂಚಶೀಲಾ ನೆನಪಿಸಿದಳು.

“ಅದು ಹೊಡಿಯೂವಾಗ. ಇದು ಉಜ್ಜೂದು.” ಉಮಾಶ್ರೀ ಆ ನೀಲಿಯನ್ನೇ ನೋಡುತ್ತಿದ್ದಳು. ಆಮೇಲೆ ದಡಕ್ಕನೆ ಎದ್ದಳು. “ಪಂಚೀ, ಟೇಪ್ ತಗೊಂಡ್ ಬಾ! ಕತ್ರಿನೂ ತಾ! ಆಯೀ, ಓ ಆಯೀ, ಜಲ್ದಿ ಬಾ!”

ಆಯಿ ಬಾಗಿಲಲ್ಲೇ ನಿಂತಳು. “ನಾ ಬರೂದಿಲ್ಲವ್ವ. ಬಂದ್ರ ಮತ್ತೇನರ ಕೆಡತದ.”

“ಬಾ ಆಯಿ. ನಿನ್ನ ಬೆರಳು ಬೇಕಾಗ್ಯಾವ.”

ಆಯಿ ಅನುಮಾನದಿಂದಲೇ ಬಂದಳು. ಉಮಾಶ್ರೀ ಅವಳ ಕೈ ಹಿಡಿದು ಟೇಪಿನ ಮೇಲೆ ಒಂದೊಂದೇ ಬೆರಳಿಟ್ಟು ಪೆನ್ನಿನಿಂದ ಅಳತೆ ಗುರುತು ಹಾಕಿದಳು. ಪಂಚಶೀಲಾ ಅದೇ ಅಗಲಕ್ಕೆ ಮೂರು ಪಟ್ಟಿ ಕತ್ತರಿಸಿದಳು. ನೀರು ಒರೆಸಿ, ಜಾಗ ಪೂರ್ತಿ ಒಣಗಿದ ಮೇಲೆ, ಆ ಮೂರು ಪಟ್ಟಿಗಳನ್ನು ಉಮಾಶ್ರೀ ನೀಲಿಯ ಮೇಲೆ ಅಡ್ಡಡ್ಡ ಅಂಟಿಸಿದಳು. ಒಂದರ ಕೆಳಗೊಂದು. ಮುತ್ಯಾನ ಫೋಟೋದಲ್ಲಿ ಹಣೆಯ ಮೇಲೆ ವಿಭೂತಿ ಇರುವ ಹಾಗೆ.

ಟಕಟಕ ಟಕಟಕ. ಒಂದು ಗೇಣು ದೂರ. ತೆಳ್ಳಗೆ ಒಂದು ಸಲ. ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ. ಮೂರನೇ ಸಲಕ್ಕೆ ಡಬ್ಬಿ ಫುಸ್ ಎಂದು ಕೆಮ್ಮಿ, ಕೊನೆಯ ಹನಿಯನ್ನೂ ಕೊಟ್ಟು ಖಾಲಿಯಾಯಿತು.

ಈ ಸಲ ಉಮಾಶ್ರೀ ಕಟ್ಟೆ ಹತ್ತಲಿಲ್ಲ. ಆಯಿಯ ಕಿವಿಯ ಹತ್ತಿರ ಬಾಯಿಟ್ಟು, ಸ್ಟೇಷನ್ ಅಕ್ಕನ ದನಿಯಲ್ಲಿ ಮೆಲ್ಲಗೆ ಉಸುರಿದಳು. “ಪ್ರಯಾಣಿಕರ ಗಮನಕ್ಕೆ. ಬಣ್ಣ ಇನ್ನೂ ಹಸಿ ಇದೆ. ಅರ್ಧ ತಾಸಿನ ನಂತರ ಟೇಪ್ ಕೀಳುವ ಕೆಲಸ ಬಸ್ಸಮ್ಮನವರದು.”

“ನಂದಾ?”

“ನಿಂದ.”

ಅರ್ಧ ತಾಸು ಆಯಿ ಅಲುಗದೆ ಕಟ್ಟೆಯ ಮೇಲೆ ಕೂತಿದ್ದಳು. ನಂತರ ಉಗುರಿನಿಂದ ಒಂದು ಪಟ್ಟಿಯ ತುದಿ ಎಬ್ಬಿಸಿ ನಿಧಾನಕ್ಕೆ ಎಳೆದಳು. ಎರಡನೆಯದು. ಮೂರನೆಯದು. ಸಂಜೆಯ ಬಿಸಿಲಿನಲ್ಲಿ, ಕಪ್ಪು ಮೈಯ ಮೇಲೆ ಮೂರು ನೀಲಿ ಗೆರೆ ಎದ್ದು ಕಂಡವು.

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಎಷ್ಟ್ ವಾಸ್ನಿ ಇದು ನಿನ್ ಬಣ್ಣ! ಕಣ್ಣಾಗೆಲ್ಲ ನೀರು.”

ಬಣ್ಣದ ವಾಸನೆ ಆಗಲೇ ಹೋಗಿತ್ತು.

ಸೋಮವಾರ ಬೆಳಗ್ಗೆ ಅವ್ವ ಸೀರೆಗೆ ಪಿನ್ ಹಾಕಿ, ಹೆಲ್ಮೆಟ್ ತೊಟ್ಟು, ಸ್ಕೂಟರಿಗೆ ಕಿಕ್ ಹೊಡೆದಳು. ಎರಡನೇ ಒದೆತಕ್ಕೆ ಅದು ಗುರ್ ಎಂದಿತು. ಓಣಿಯವರೆಲ್ಲ ಬಾಗಿಲಿಗೆ ಬಂದಿದ್ದರು. ತಿರುವಿನಿಂದ ಅಲ್ಲಾಬಕ್ಷ ಚಾಚಾ ನಟ್ಟು ತಿರುಗಿಸುವ ಪಾನಾ ಎತ್ತಿ ತೋರಿಸಿದರು.

“ಅನೌನ್ಸ್ ಮಾಡು ಉಮೀ!” ಪಂಚಶೀಲಾ ಖಾಲಿ ಡಬ್ಬಿಯನ್ನು ಕೈಗಿಟ್ಟಳು.

ಉಮಾಶ್ರೀ ಕಟ್ಟೆ ಹತ್ತಿದಳು. ಡಬ್ಬಿಯನ್ನು ಬಾಯಿಯ ಹತ್ತಿರ ತಂದಳು. “ಯಾದಗಿರಿಯಿಂದ ಬಳಿಚಕ್ರಕ್ಕೆ ಹೋಗುವ ಮುತ್ಯಾ ಎಕ್ಸ್‌ಪ್ರೆಸ್...” ಎಂದವಳು ಅಲ್ಲಿಗೇ ನಿಲ್ಲಿಸಿ, ಬಾಗಿಲ ಕಡೆ ತಿರುಗಿದಳು.

“ಆಯಿ, ಗಾಡಿ ಬಿಡ್ಲೇನು?”

ಆಯಿ ಸ್ಕೂಟರಿನ ಎದೆಯನ್ನು ನೋಡಿದಳು. ಹೌದೆನ್ನುವಂತೆ ಬಲಗೈ ಎತ್ತಿದಳು. ಎಷ್ಟು ತಿಕ್ಕಿ ತೊಳೆದಿದ್ದರೂ ಮೂರು ಬೆರಳಿನ ತುದಿ ಇನ್ನೂ ಕಪ್ಪಗೇ ಇತ್ತು.

“ಟಿಂಗ್ ಟಾಂಗ್!” ಅಂದಳು ಉಮಾಶ್ರೀ.