ಬೇರೆ ಕೋಣೆಯ ಪರೀಕ್ಷೆ

ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೋಣೆ ಕಾಯುತ್ತಿದ್ದ ನುಸ್ರತ್, ಹಾಲ್ ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತವನನ್ನು ಕಂಡು ಕೈಯಲ್ಲಿದ್ದ ಹೆಸರುಪಟ್ಟಿಯನ್ನು ಮತ್ತೆ ಓದಿದಳು.

ಫಾಝಿಲ್...

ಕಳೆದ ಶುಕ್ರವಾರ ಕಾಪುವಿನಿಂದ ಅವಳನ್ನು ನೋಡಲು ಬಂದಿದ್ದ ಹುಡುಗ. ಫ್ರಿಡ್ಜ್ ರಿಪೇರಿ ಅಂಗಡಿಯವನು. "ಎಸ್ಸೆಸ್ಸೆಲ್ಸಿ ಆಗಿದೆ" ಎಂದು ಅವನ ಮಾವ ಹೇಳುವಾಗ ಶರಬತ್ತಿನ ಲೋಟವನ್ನೇ ನೋಡುತ್ತ ಕೂತಿದ್ದ. ಎರಡೂ ಮನೆಯವರು ಒಪ್ಪಿದ್ದರು.

ಇವನು ಕಾರ್ಕಳದ ಈ ಹೈಸ್ಕೂಲಿನಲ್ಲಿ, ಅದೂ ಓದು ಬರಹ ಕಷ್ಟವಾಗುವವರಿಗೆಂದೇ ಇಟ್ಟ ಕೋಣೆಯಲ್ಲಿ?

ಪ್ರಶ್ನೆ ಓದಿ, ಅವನು ಹೇಳಿದ ಉತ್ತರ ಬರೆಯಲು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಜೊತೆಗಿದ್ದಳು.

ಪರೀಕ್ಷೆಯ ಉಸ್ತುವಾರಿ ಕಾರ್ಲ್ ಸರ್ ಬಂದರು. "ಟೀಚರ್, ನಿಮ್ಮ ಕಡೆಯವರು ಯಾರೂ ಇಲ್ಲಿಲ್ಲ ಅಲ್ವಾ? ಇದ್ದರೆ ನೀವು ಈ ಕೋಣೆಯಲ್ಲಿ ಇರುವ ಹಾಗಿಲ್ಲ."

"ಇಲ್ಲ ಸರ್. ಇವರು ಯಾರೋ... ನನಗೆ ಗೊತ್ತಿಲ್ಲ."

ಫಾಝಿಲ್ ತಲೆ ತಗ್ಗಿಸಿದ.

ಅವನು ಮೆಲ್ಲಗೆ ಹೇಳುತ್ತಿದ್ದ ಉತ್ತರಗಳು ಅವಳಿಗೆ ಕೇಳುತ್ತಿದ್ದವು. ಎಲ್ಲ ಸರಿಯಾಗಿದ್ದವು. ಅಕ್ಷರಗಳಷ್ಟೇ ಅವನ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ನಿಟ್ಟೆಯ ತನ್ನ ಶಾಲೆಯಲ್ಲಿ ಇಂಥ ಮಕ್ಕಳ ತಾಯಂದಿರಿಗೆ "ಇದರಲ್ಲಿ ನಾಚುವಂಥದ್ದು ಎಂತದೂ ಇಲ್ಲ" ಎನ್ನುವವಳು ತಾನೇ ಅಲ್ಲವೇ?

ಸಂಜೆ ಅವನ ತಾಯಿಯ ಫೋನ್ ಬಂತು. ಈ ಸಂಬಂಧ ಬೇಡವಂತೆ. ಕಾರಣ ಯಾರಿಗೂ ತಿಳಿಯಲಿಲ್ಲ. ನುಸ್ರತ್‌ಳಿಗೆ ಮಾತ್ರ ಗೊತ್ತಿತ್ತು.

ಮರುದಿನ ಅತ್ತಿಗೆ ಹಫೀಝಾಳೊಂದಿಗೆ ಕಾಪುವಿನ ಅವನ ಅಂಗಡಿಗೆ ಹೋದಳು.

"ನಾನು ಆಚೆ ಬಾಳೆಹಣ್ಣು ನೋಡ್ತಾ ಇರ್ತೇನೆ. ಮಾತು ಬೇಗ ಮುಗಿಸು ಮಾರಾಯ್ತಿ, ಹಣ್ಣಿನವ ಬೈತಾನೆ" ಎಂದು ಹಫೀಝಾ ಸರಿದಳು.

ಬಿಚ್ಚಿಟ್ಟ ಫ್ರಿಡ್ಜಿನ ಹಿಂದಿನಿಂದ ಫಾಝಿಲ್ ಎದ್ದು ನಿಂತ.

"ಮಾವ ಸುಳ್ಳು ಹೇಳುವಾಗ ನಾನು ಸುಮ್ಮನಿದ್ದೆ. ತಪ್ಪು ನನ್ನದು" ಎಂದ. "ನಿಮ್ಮ ಮನೆಗೆ ಬರುವ ಮೊದಲೇ ಪರೀಕ್ಷೆ ಕಟ್ಟಿದ್ದೆ. ನಿಖಾಹ್‌ನೊಳಗೆ ಪಾಸಾದರೆ ಅದು ಸುಳ್ಳಾಗಿ ಉಳಿಯುವುದಿಲ್ಲ ಅಂತ ಕಂಡಿತು. ಕಾಪುವಿನಲ್ಲಿ ಎಲ್ಲರಿಗೂ ಗುರುತು ಉಂಟು, ಅದಕ್ಕೇ ಕಾರ್ಕಳಕ್ಕೆ ಬಂದೆ. ಪ್ರೈಮರಿ ಟೀಚರಿಗೆ ಹತ್ತನೆಯದರ ಡ್ಯೂಟಿ ಬೀಳ್ತದೆ ಅಂತ ಯಾರಿಗೆ ಗೊತ್ತು?"

ನುಸ್ರತ್ ನಗಲಿಲ್ಲ. "ಸುಳ್ಳು ನಾನೂ ಹೇಳಿದೆ. ನಿಮ್ಮ ಎದುರೇ."

"ನಿಯಮ ಹಾಗುಂಟಲ್ಲ."

"ನಿಯಮಕ್ಕಲ್ಲ... ನಾಚಿಕೆಯಾಗಿತ್ತು. ನಿಮ್ಮ ಬಗ್ಗೆ. ಈಗ ನನ್ನ ಬಗ್ಗೆಯೇ ಆಗ್ತಾ ಉಂಟು. ಕ್ಷಮಿಸ್ತೀರಾ?"

ಅವನು ಕೈಯ ಗ್ರೀಸನ್ನು ಬಟ್ಟೆಗೆ ಉಜ್ಜುತ್ತಲೇ ಇದ್ದ.

"ನಾಳೆಯ ಗಣಿತಕ್ಕೆ ನಾನು ನಿಮ್ಮ ಕೋಣೆಯಲ್ಲಿ ಇರುವುದಿಲ್ಲ" ಎಂದಳು.

"ಗೊತ್ತಾಯ್ತು. ನನ್ನನ್ನು ನೋಡಲಿಕ್ಕೆ ಕಷ್ಟ."

"ಅದಲ್ಲ. ಬೆಳಿಗ್ಗೆ ಕಾರ್ಲ್ ಸರ್‌ಗೆ ನಿಜ ಹೇಳಿದೆ. ಬೈದರು. ಡ್ಯೂಟಿಯಿಂದ ತೆಗೆದರು."

"ಎಂತ ಹೇಳಿದಿರಿ?"

"ನಿನ್ನೆ ಆ ಕೋಣೆಯಲ್ಲಿ ಇದ್ದವರು ನನ್ನನ್ನು ಮದುವೆಯಾಗುವವರು ಅಂತ."

ಫಾಝಿಲ್‌ನ ಕೈ ನಿಂತಿತು. "ನಮ್ಮ ಮನೆಯಿಂದ ಉಮ್ಮ ಫೋನ್ ಮಾಡಿ ಬೇಡ ಅಂದಾಗಿದೆಯಲ್ಲ..."

"ಮನೆಯವರು ಹೇಳಿದ್ದು ಕೇಳಿತು. ನೀವು ಹೇಳಿ."

ಅವನು ಅಂಗಡಿಯ ಒಂದೇ ಕುರ್ಚಿಯನ್ನು ಒರೆಸಿ ಅವಳತ್ತ ಸರಿಸಿದ.

"ಕೂತ್ಕೊಳ್ಳಿ. ಉಮ್ಮನಿಗೆ ಫೋನ್ ಮಾಡ್ತೇನೆ."