ಬುರುಡೆಯೊಳಗಿನ ಹೈಬ್ರಿಡ್

ಹೊನ್ನವ್ವನ ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿತ್ತು. ಇನ್ನು ಹೊಲಕ್ಕೆ ಹೋಗಬಹುದು ಎಂದು ಹಾವೇರಿಯ ಡಾಕ್ಟರು ಹೇಳಿದ ಮರುದಿನವೇ ಅವಳು ಮೋಟೆಬೆನ್ನೂರಿನ ತನ್ನ ಮೆಣಸಿನ ಹೊಲದ ಬದುವಿನ ಮೇಲೆ ಬಂದು ನಿಂತಳು. ಕಪ್ಪು ಕನ್ನಡಕ ತೆಗೆದಳು. ಒಂದು ಸಾಲು ನೋಡಿದಳು. ಇನ್ನೊಂದು ಸಾಲು ನೋಡಿದಳು.

"ಇದು ನನ್ನ ಬೀಜ ಅಲ್ಲ!" ಎಂದು ಕೂಗಿದಳು.

ಅದು ಎರಡು ಸಾವಿರದ ಐದನೆಯ ಇಸವಿ. ದೀಪಾವಳಿಗೆ ಇನ್ನೂ ಎಂಟು ದಿನವಿತ್ತು. ನಾನೂ ನನ್ನ ಹೆಂಡತಿ ಉಚ್ಚಂಗೆವ್ವನೂ ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದೆವು. ಕೂಗು ಕೇಳಿ ಓಡಿದೆವು.

ಒಂದು ಗಿಡ ಎದೆಮಟ್ಟ ಬೆಳೆದಿತ್ತು, ಪಕ್ಕದ್ದು ಮೊಣಕಾಲುದ್ದ. ಒಂದರ ಕಾಯಿ ಕಡ್ಡಿಯಂತೆ ಉದ್ದ, ಮತ್ತೊಂದರದು ಹೆಬ್ಬೆರಳಿನಂತೆ ಮೊಂಡು. ಒಂದು ಗಿಡದಲ್ಲಂತೂ ಕಾಯಿಗಳೆಲ್ಲ ಆಕಾಶ ನೋಡುತ್ತಿದ್ದವು. ಹೊನ್ನವ್ವನದು ಅವಳ ಅತ್ತೆ ಕೊಟ್ಟ ಹಳೆಯ ಬ್ಯಾಡಗಿ ಕಡ್ಡಿ ತಳಿ. ಐವತ್ತು ವರ್ಷದಿಂದ ನಾನು ನೋಡಿದ್ದೇನೆ. ಸಾಲಿಗೆ ಸಾಲು ಒಂದೇ ಎತ್ತರ, ಒಂದೇ ಕಾಯಿ. ಒಣಗಿದರೆ ಸುಕ್ಕು ಕೂಡ ಒಂದೇ ಬಗೆ.

"ಸ್ವಾರಿ ಬುರುಡ್ಯಾಗಿನ ಬೀಜ ಯಾರೋ ತಗದು ಬ್ಯಾರೆ ತುಂಬ್ಯಾರ. ಕಣ್ಣು ಕಾಣಲಿಲ್ಲ, ಕೈಗೆ ಬಂದದ್ದು ಬಿತ್ತಿಸಿದೆ. ಒಂದು ಹಿಡಿ ಸೈತ ಉಳದಿಲ್ಲ ಉಚ್ಚಂಗಿ. ಅತ್ತಿ ಕೊಟ್ಟ ಬೀಜ ನನ್ನ ಕೈಯಾಗ ಮುಗೀತು," ಎಂದಳು ಹೊನ್ನವ್ವ.

ಮಗ ಪ್ರವೀಣಕುಮಾರ ಹಲ್ಲು ಕಡಿದ. "ಮನೀಗೆ ಬಂದು ಹೋಗೋರು ಇಬ್ಬರ. ಒಬ್ಬಾಂವ ರಾಣೇಬೆನ್ನೂರಿನ ಬೀಜದ ಕಂಪನ್ಯಾಂವ, ವಿಜಯಮಹಾಂತೇಶ. ವರ್ಷದಿಂದ ಈ ಬೀಜ ಕೊಡು ಅಂತ ಗಂಟು ಬಿದ್ದಿದ್ದ. ಇನ್ನೊಬ್ಬಾಕಿ ಮೈಮುನಾಬಿ."

"ಅಕಿ ಹೆಸರು ತಗೀಬ್ಯಾಡ," ಎಂದಳು ಹೊನ್ನವ್ವ.

"ಯಾಕ ತಗೀಬಾರದು? ಅಕಿ ಹಿತ್ತಲದಾಗ ನಾಕು ಗಿಡ ಅದಾವ. ನಿನ್ನೆ ನೋಡೇನಿ. ನಮ್ಮ ತಳೀನ! ಈ ವರ್ಷ ನೀ ಅಕಿಗೆ ಬೀಜ ಕೊಟ್ಟೀ ಏನು?"

ಹೊನ್ನವ್ವ ಉತ್ತರ ಕೊಡಲಿಲ್ಲ. ಬದುವಿನ ಮೇಲೆ ಕುಸಿದು ಕುಳಿತಳು. ಮೈಮುನಾಬಿ ಹಿಂದಿನ ಓಣಿಯವಳು. ಮೂವತ್ತು ವರ್ಷ ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡವರು. ಹೊನ್ನವ್ವನಿಗೆ ಕಣ್ಣು ಮಂಜಾದ ಮೇಲೆ ಅವಳ ಮನೆಯ ಅಕ್ಕಿಯ ಕಲ್ಲು ಆರಿಸಿಕೊಟ್ಟವಳು.

"ನಾಳೆ ಸಂಜೀಕ ಬ್ಯಾಡಗಿ ಸ್ಟೇಶನ್ನಿಗೆ ಹೋಗಿ ಅಕಿ ಮ್ಯಾಲ ಕಂಪ್ಲೇಂಟ್ ಕೊಡತೇನಿ," ಎಂದ ಪ್ರವೀಣ.

"ಸಂಜೀಕ ತಾನ?" ಎಂದಳು ಉಚ್ಚಂಗೆವ್ವ. "ಅಷ್ಟೊತ್ತಿಗೆ ನಾನ ಕಳ್ಳರನ್ನ ಹಿಡದು ಕೊಡತೇನಿ. ನಿನಗ ಬಸ್ಸಿನ ತ್ರಾಸು ತಪ್ಪತೈತಿ."

ನನ್ನ ಹೆಂಡತಿಗೆ ಓದು ಬರುವುದಿಲ್ಲ. ನಾನು ಮೂರನೇ ಇಯತ್ತೆಯವರೆಗೆ ಹೋದವನು. ಆದರೆ ಅವಳು ಇಪ್ಪತ್ತು ವರ್ಷ ರಾಣೇಬೆನ್ನೂರು ಕಡೆಯ ಬೀಜದ ಹೊಲಗಳಲ್ಲಿ ದುಡಿದವಳು. ಮೊಗ್ಗು ಬಿಡಿಸಿ, ಒಂದು ಗಿಡದ ಹೂವಿನ ಪುಡಿಯನ್ನು ಇನ್ನೊಂದಕ್ಕೆ ಸವರುವ ಕೆಲಸ. ಮೈಮುನಾಬಿಯೂ ಅವಳ ಜತೆಗೇ ಹೋಗುತ್ತಿದ್ದಳು.

*

ಬುರುಡೆ ಹೊನ್ನವ್ವನ ಅಡುಗೆಮನೆಯ ಅಟ್ಟದ ಮೇಲಿತ್ತು. ಒಣಗಿದ ಸೋರೆಕಾಯಿಯದು. ಹೊರಗೆಲ್ಲ ಹೊಗೆ ಹಿಡಿದು ಕರಿಕಲ್ಲಿನಂತೆ ಹೊಳೆಯುತ್ತಿತ್ತು.

"ಇದು ಒಲಿ ಮ್ಯಾಲ ತೂಗಾಡತಿತ್ತಲ್ಲ?" ಎಂದಳು ಉಚ್ಚಂಗೆವ್ವ.

"ಹೋದ ವರ್ಷ ಗ್ಯಾಸ್ ಬಂತಲ್ಲ ಚಿಗವ್ವ. ಒಲಿ ಕಿತ್ತಿಸಿದ್ರು. ಅಟ್ಟಕ್ಕ ಇಟ್ಟಿವಿ," ಎಂದಳು ಸೊಸೆ ಭುವನಾ. ಹಾವೇರಿ ಪೇಟೆಯಲ್ಲಿ ಬೆಳೆದ ಹುಡುಗಿ. ಲಗ್ನವಾಗಿ ಮೂರು ವರ್ಷ. ಅತ್ತೆಯ ಕಣ್ಣಿಗೆ ಹೊತ್ತು ತಪ್ಪದೆ ಹನಿ ಹಾಕಿದವಳು ಅವಳೇ.

ಉಚ್ಚಂಗೆವ್ವ ಬುರುಡೆಯೊಳಗೆ ಬೆರಳು ಆಡಿಸಿದಳು. ತುದಿಗೆ ನುಣ್ಣನೆಯ ಬಿಳಿ ಪುಡಿ ಹತ್ತಿತು. ಮೂಸಿದಳು. ನನ್ನ ಮೂಗಿಗೂ ಹಿಡಿದಳು. ಸಣ್ಣಗೆ ಪರಿಮಳವಿತ್ತು. ಮತ್ತೆ ಕೆರೆದಳು. ಈ ಸಲ ಉಗುರಿನಲ್ಲಿ ಹಸಿರು ಬೂಸು ಬಂತು. ಎರಡನ್ನೂ ಸೆರಗಿನ ತುದಿಗೆ ಕಟ್ಟಿಕೊಂಡಳು.

ಪ್ರವೀಣ ಮತ್ತೆ ಮೈಮುನಾಬಿಯ ಹೆಸರೆತ್ತಿದ. ಭುವನಾ ಚಹಾ ತಂದಳು. ಕಪ್ಪಿನಿಂದ ಬಸಿಗೆ ಚೆಲ್ಲಿತ್ತು.

*

ಮರುದಿನ ಮುಂಜಾನೆಯ ಬಸ್ಸಿಗೆ ರಾಣೇಬೆನ್ನೂರಿಗೆ ಹೋದೆವು. ವಿಜಯಮಹಾಂತೇಶ ಅಂಗಡಿಯ ಮುಂದೆ ಚೀಲ ಇಳಿಸುತ್ತಿದ್ದ. ವಿಷಯ ಕೇಳಿ ಮೊದಲು ಸಿಟ್ಟಿಗೆದ್ದ. ಆಮೇಲೆ ಗಿಡಗಳ ವರ್ಣನೆ ಕೇಳಿ ನಕ್ಕುಬಿಟ್ಟ.

"ಅವ್ವಾರ, ಯಾರೋ ಹೈಬ್ರಿಡ್ ಬೆಳೀ ಕಾಯಿ ಒಡದು, ಆ ಬೀಜಾನ ತುಂಬ್ಯಾರ. ನಾ ಕಳ್ಳ ಆಗಿದ್ರ ಒಂದು ಹಿಡಿ ಕಿಸೇಕ ಹಾಕ್ಕೊಂಡು ಹೊಕ್ಕಿದ್ದೆ. ಬುರುಡಿ ತುಂಬಾ ತಗೊಂಡು ಏನ್ ಮಾಡ್ಲಿ? ತಿರುಗಿ ತುಂಬಿಸಿದ್ರೂ ಹೈಬ್ರಿಡ್ ಕಾಯಿದ್ದು ತುಂಬತಿದ್ದಿಲ್ಲ. ಅದರ ಕಥಿ ನಮ್ಮ ಗೋದಾಮಿನ ಹಮಾಲಗೂ ಗೊತ್ತೈತಿ."

"ನನಗೂ ಗೊತ್ತೈತಪಾ," ಎಂದಳು ಉಚ್ಚಂಗೆವ್ವ. "ನಿನ್ನ ಬಾಯಿಂದ ಕೇಳಬೇಕಿತ್ತು."

ಮರಳುವಾಗ ಬಸ್ಸಿನಲ್ಲಿ ನಾನು ಕೇಳಿದೆ. "ಹಂಗಾರ ಮೈಮುನಾಬೀನ ಏನು?"

ಅವಳು ಸೆರಗಿನ ಗಂಟನ್ನು ಇನ್ನಷ್ಟು ಬಿಗಿದಳು.

*

ಮೈಮುನಾಬಿಯ ಹಿತ್ತಲಲ್ಲಿ ನಾಲ್ಕು ಗಿಡ ನಿಂತಿದ್ದವು. ಒಂದೇ ಎತ್ತರ, ಒಂದೇ ಕಾಯಿ. ಹೊನ್ನವ್ವನ ತಳಿಯೇ.

"ಸುದ್ದಿ ಬಂದೈತಿ," ಎಂದಳು ಮೈಮುನಾಬಿ. ಒಲೆಯ ಮುಂದಿನಿಂದ ಏಳಲಿಲ್ಲ. "ಪೊಲೀಸರಿಗೆ ಲಗೂ ಬರ್ರಿ ಅನ್ನು. ನಾಕು ಗಂಟೇಕ ನಳ ಬರತೈತಿ, ಆವಾಗ ನಾ ಬರಾಂಗಿಲ್ಲ."

"ಬೀಜ ಎಲ್ಲಿದ್ದು?"

"ಹೊನ್ನಕ್ಕ ವರ್ಷಾ ಒಂದು ಹಿಡಿ ಕೊಡತಾಳ. ಈ ವರ್ಷ ನಾ ಕೇಳಲಿಲ್ಲ. ಕಣ್ಣು ಕಾಣದಾಕಿ ಅಟ್ಟ ಹತ್ತೂದು ಬ್ಯಾಡಂತ ಹೋದ ವರ್ಷ ಕೊಟ್ಟಿದ್ದರಾಗ ಉಳದಿದ್ದನ್ನ ಊರಿದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೊನ್ನಕ್ಕ ಏನಂದ್ಲು?"

ಉಚ್ಚಂಗೆವ್ವ ಸುಳ್ಳು ಹೇಳಲಿಲ್ಲ. "ಮೊದಲ ನಿನ್ನ ಹೆಸರು ತಗೀಬ್ಯಾಡ ಅಂದ್ಲು. ಆಮ್ಯಾಲ ಏನೂ ಅನ್ನಲಿಲ್ಲ."

ಮೈಮುನಾಬಿ ತಲೆಯಾಡಿಸಿ ಒಲೆಗೆ ಕಟ್ಟಿಗೆ ತಳ್ಳಿದಳು.

*

ಸಂಜೆ ಹೊನ್ನವ್ವನ ಪಡಸಾಲೆಯಲ್ಲಿ ಕುಳಿತೆವು. ಪ್ರವೀಣ ಅಂಗಿ ಹಾಕಿಕೊಂಡು ತಯಾರಾಗಿ ನಿಂತಿದ್ದ.

"ಕುಂದ್ರು," ಎಂದಳು ಉಚ್ಚಂಗೆವ್ವ. "ಹೈಬ್ರಿಡ್ಡಿಗೂ ವೆರೈಟಿಗೂ ಫರಕ್ ಏನು, ಹೇಳು."

"ಇದೇನ್ ಸಾಲಿ ಏನ್ ಕಾಕಿ?"

"ಹೌದು. ಮಾಸ್ತರಾಗಿ ನಾನೂ ಒಂದು ದಿನ ಕುಂದರತೇನಿ. ಹೈಬ್ರಿಡ್ ಅಂದ್ರ ಅವ್ವಂದೊಂದು ತಳಿ, ಅಪ್ಪಂದೊಂದು ತಳಿ. ನಮ್ಮಂಥವ್ರು ಕೈಯಿಂದ ಕೂಡಿಸಿದ್ದು. ಮೊದಲ್ನೇ ವರ್ಷ ಮಕ್ಕಳೆಲ್ಲಾ ಒಂದ ಮಾರಿ, ಚಂದ. ಆ ಕಾಯಿ ಬೀಜ ತಿರುಗಿ ಬಿತ್ತಿದ್ರ ಒಂದಕ್ಕ ಅಜ್ಜಿ ಮಾರಿ, ಒಂದಕ್ಕ ಸ್ವಾದರಮಾವನ ಮಾರಿ. ವೆರೈಟಿ ಹಂಗಲ್ಲ. ಈ ವರ್ಷ ಬಿತ್ತು, ಮುಂದಿನ ವರ್ಷ ಬಿತ್ತು, ಮೊಮ್ಮಗಳು ಬಿತ್ತಲಿ, ಅದ ಮಾರಿ. ಬುರುಡ್ಯಾಗ ಇದ್ದದ್ದು ವೆರೈಟಿ. ಹೊಲದಾಗ ಎದ್ದದ್ದು ಹೈಬ್ರಿಡ್ಡಿನ ಮಕ್ಕಳು. ಹೋದ ವರ್ಷ ಕೆಳಗಿನ ಹೊಲದಾಗ ಹೈಬ್ರಿಡ್ ಹಾಕಿದವ್ರು ಯಾರು?"

"ನಾನ," ಎಂದ ಪ್ರವೀಣ. ದನಿ ಇಳಿದಿತ್ತು.

"ಅದರ ಕಾಯಿ ನಿನ್ನ ಮನ್ಯಾಗ ಚೀಲದಾಗ ಇದ್ದು. ಕಂಪನ್ಯಾಂವಗ ಈ ಫರಕ್ ಗೊತ್ತು. ಮೈಮುನಾಬಿಗೂ ಗೊತ್ತು, ನನ್ನ ಕೂಡ ಹೂವು ಮುಟ್ಟಿದಾಕಿ. ಅವ್ರು ಇದನ್ನ ತುಂಬಾಂಗಿಲ್ಲ. ತುಂಬಿದಾಕಿಗೆ ಎರಡೂ ಒಂದ."

ಸೆರಗಿನ ಗಂಟು ಬಿಚ್ಚಿದಳು. "ಹೊನ್ನಕ್ಕ, ಬೀಜಕ್ಕ ನೀ ಏನು ಹಾಕತಿದ್ದಿ?"

"ಒಲಿ ಬೂದಿ. ಹುಳ ಹತ್ತಬಾರದಂತ."

"ಇದನ್ನ ಮೂಸು."

ಹೊನ್ನವ್ವ ಮೂಸಿದಳು. ದೇವರ ಜಗಲಿಯ ಕಡೆ ತಿರುಗಿದಳು. "ಇದು ಈಬತ್ತಿ!"

"ಹೌದು, ವಿಭೂತಿ ಗಟ್ಟಿ ತೇದ ಪುಡಿ. ಮೈಮುನಾಬಿ ಮನ್ಯಾಗ ಬುಟ್ಟಿಗಟ್ಟಲೆ ಬೂದಿ ಐತಿ. ಬೂದಿ ಇಲ್ಲದ್ದು ಗ್ಯಾಸಿನ ಮನಿ. ಕದಿಯಾಕ ಬಂದಾಂವ ದೇವರ ಈಬತ್ತಿ ಬೆರೆಸಿ ಬೀಜ ಕಾಯಾಂಗಿಲ್ಲ ಯಕ್ಕಾ. ಇದು ಕಳವಲ್ಲ. ಬುರುಡ್ಯಾಗ ಬೂಸು ಐತಿ ನೋಡು. ಹೊಗಿ ತಪ್ಪಿತು, ಥಂಡಿ ಹಿಡೀತು, ಬೀಜ ಕೊಳೀತು."

ಬಾಗಿಲ ಸಂದಿಯಲ್ಲಿ ಭುವನಾ ನೆಲಕ್ಕೆ ಕುಳಿತಿದ್ದಳು.

"ಬಿತ್ತೂಕಿಂತ ಮೊದಲ, ಮುಂಗಾರಿ ಮೊದಲ್ನೇ ಮಳ್ಯಾಗ ನೋಡಿದೆ ಅತ್ತಿ. ಒಳಗ ಎಲ್ಲಾ ಹಸರಾಗಿತ್ತು. ಚೀಲದ ಮ್ಯಾಲ ಹೈಬ್ರಿಡ್ ಅಂತಿತ್ತು. ಹೈಬ್ರಿಡ್ ಅಂದ್ರ ಚಲೋ ಬೀಜ, ವೆರೈಟಿ ಅಂದ್ರೂ ಚಲೋ ಬೀಜ, ಅಷ್ಟ ನನಗ ಗೊತ್ತು. ಕಾಯಿನೂ ಥೇಟ್ ಹಂಗ ಕಂಡ್ವು, ಒಡದು ಆ ಬೀಜ ತುಂಬಿದೆ. ಬೂದಿ ಇರಲಿಲ್ಲ. ಹುಳ ಹತ್ತಬಾರದು, ದೇವರ ಕಾಯಲಿ ಅಂತ..."

"ಹೇಳಿದ್ರ ನಾ ಹೊಡೀತಿದ್ನೇನ?" ಎಂದಳು ಹೊನ್ನವ್ವ.

"ಇಲ್ಲ. ಅಳತಿದ್ರಿ."

ಪ್ರವೀಣ ಏನೋ ಹೇಳಲು ಹೋದ. ಹೊನ್ನವ್ವ ಕೈ ಎತ್ತಿ ತಡೆದಳು.

"ಬೀಜ ಕೆಟ್ಟದ್ದಕ್ಕ ನಿನ್ನ ತಪ್ಪಿಲ್ಲ, ಮಗಳ. ಮೈಮುನಾಬಿ ಹೆಸರು ಬಂದಾಗ ಸುಮ್ಮನ ಇದ್ದಿ ನೋಡು, ಅದು ತಪ್ಪು." ಸೆರಗು ಕೊಡವಿ ಎದ್ದಳು. "ನಾನೂ ಸುಮ್ಮನ ಇದ್ದೆ. ಏಳು. ಇಬ್ಬರೂ ಹೋಗೂಣು. ಬುರುಡಿ ತಗೋ."

*

ನಾನೂ ಉಚ್ಚಂಗೆವ್ವನೂ ಅವರ ಹಿಂದೆಯೇ ಹೋದೆವು. ಮೈಮುನಾಬಿ ಬಾಗಿಲಲ್ಲೇ ನಿಂತಳು. ಒಳಗೆ ಬಾ ಎನ್ನಲಿಲ್ಲ. ಹೊನ್ನವ್ವ ಹೊಸ್ತಿಲ ಹೊರಗೇ ಕುಳಿತುಬಿಟ್ಟಳು.

"ಕಣ್ಣು ಬಂದ ಮ್ಯಾಲ ಮೊದಲ್ನೇ ಸಲ ಕುರುಡಿ ಆದೆ, ಮೈಮುನಾ."

ಮೈಮುನಾಬಿ ಬರಿದಾದ ಬುರುಡೆಯನ್ನು ನೋಡಿದಳು. ಒಳಗೆ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡೆ. ಹಿತ್ತಲಿನಿಂದ ಉಡಿ ತುಂಬ ಹಣ್ಣುಗಾಯಿ ತಂದು ಹೊನ್ನವ್ವನ ಮಡಿಲಿಗೆ ಸುರಿದಳು. ಹೊನ್ನವ್ವ ಒಂದನ್ನು ಎತ್ತಿ ಹೊಸ ಕಣ್ಣಿಗೆ ಹತ್ತಿರ ಹಿಡಿದಳು. ಉದ್ದಕ್ಕೂ ಬೆರಳಾಡಿಸಿದಳು.

"ನಮ್ಮತ್ತೀದ," ಎಂದಳು.

ಕಾಯಿ ಒಣಗಿದ ಮೇಲೆ ಭುವನಾ ತಾನೇ ಬೀಜ ಬಿಡಿಸಿದಳು, ಬೂದಿ ಜರಡಿ ಹಿಡಿದು ಬೆರೆಸಿದಳು. ಬುರುಡೆಯನ್ನು ಮೈಮುನಾಬಿಯ ಒಲೆಯ ಮೇಲೆ ಪ್ರವೀಣನೇ ಹಗ್ಗ ಬಿಗಿದು ತೂಗುಹಾಕಿದ.

"ನನ್ನ ಮನೀಗೂ ಗ್ಯಾಸ್ ಬಂದ್ರ?" ಎಂದು ಮೈಮುನಾಬಿ ಕೇಳಿದಳು.

"ಬರಲಿ," ಎಂದಳು ಹೊನ್ನವ್ವ. "ಆ ಒಲಿ ಕಿತ್ತಿ ಅಂದ್ರ ಮಾತ್ರ ನಾನ ಸ್ಟೇಶನ್ನಿಗೆ ಹೊಕ್ಕೇನಿ."